ನೆಲೆಯನ್ನು ಅಳೆದ ಸಾಧಕ: ಕರ್ನಲ್ ವಿಲಿಯಂ ಲ್ಯಾಂಬ್ಟನ್

ತಾನು ನಿಂತಿರುವ ನೆಲೆ ಯಾವುದೆಂದು ಅರಿಯುವ ಹಂಬಲ ಮಾನವನಿಗೆ ಹೊಸದಲ್ಲ. ಕಡಲಿಗೆ ಇಳಿದ ನಾವಿಕನೂ ಮರುಭೂಮಿಯನ್ನು ದಾಟುವ ವ್ಯಾಪಾರಿಯೂ ನಕ್ಷತ್ರಗಳನ್ನು ನೋಡಿ ದಾರಿ ಕಂಡುಕೊಂಡರು. ಇಂದು ಆ ಕೆಲಸವು ಎಷ್ಟು ಸುಲಭವಾಗಿದೆಯೆಂದರೆ ಅದರ ಹಿಂದಿನ ಶ್ರಮ ನಮ್ಮ ಅರಿವಿಗೇ ಬರುವುದಿಲ್ಲ. ಕಲಬುರಗಿ ನಗರದ ಐವಾನ್-ಎ-ಶಾಹಿ ಪರಿಸರದಲ್ಲಿ, ನಿಜಾಮರ ಕಾಲದ ಅತಿಥಿಗೃಹದ ಬಳಿ ನಿಂತ ವಿದ್ಯಾರ್ಥಿಯು ಕೈಯಲ್ಲಿರುವ ಮೊಬೈಲ್ ಫೋನನ್ನು ತೆರೆದರೆ, ನಕಾಶೆಯ ಮೇಲೆ ಒಂದು ಚುಕ್ಕೆ ಮೂಡಿ ಅವನಿರುವ ಸ್ಥಳವನ್ನು ತೋರಿಸುತ್ತದೆ. ಗೋಪುರಗಳಿಂದಲೂ ಉಪಗ್ರಹಗಳಿಂದಲೂ ಹೊರಟ ರೇಡಿಯೋ ಸಂಕೇತಗಳು ಎಷ್ಟು ಕಾಲದಲ್ಲಿ ಬಂದು ಮುಟ್ಟಿದವು ಎಂಬ ಲೆಕ್ಕದಿಂದಲೇ ಆ ಚುಕ್ಕೆ ಮೂಡುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಪೂರ್ವಸಿದ್ಧತೆ ಬೇಕು. ಸಂಕೇತವನ್ನು ಕಳುಹಿಸುವ ಸ್ಥಾನ ಎಲ್ಲಿದೆಯೆಂಬುದು ಮೊದಲು ನಿಶ್ಚಯವಾಗಿ ತಿಳಿದಿರಬೇಕು. ತಿಳಿದ ಸ್ಥಾನಗಳಿಂದಲೇ ತಿಳಿಯದ ಸ್ಥಾನವನ್ನು ಸಾಧಿಸಬೇಕು. ಈ ತತ್ತ್ವವನ್ನು ನಮ್ಮ ನಾಡಿನ ನೆಲದ ಮೇಲೆ ಮೊತ್ತಮೊದಲು ಮಹಾಪ್ರಮಾಣದಲ್ಲಿ ಕಾರ್ಯಗತಗೊಳಿಸಿದವನು ಕರ್ನಲ್ ವಿಲಿಯಂ ಲ್ಯಾಂಬ್ಟನ್. ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನ ಹೆಸರನ್ನು ಹಿಮಾಲಯದ ಶಿಖರವೊಂದು ಹೊತ್ತು ನಿಂತಿದೆ. ಲ್ಯಾಂಬ್ಟನ್ನನ ಹೆಸರನ್ನು ಹೊತ್ತ ಅಂತಹ ಶಿಖರವಿಲ್ಲ. ಅವನ ಕೀರ್ತಿ ಇರುವುದು ಬೆಂಗಳೂರಿನ ಬಯಲಿನಲ್ಲಿ, ಮಂಗಳೂರಿನ ಕರಾವಳಿಯಲ್ಲಿ, ನಮ್ಮ ಪಕ್ಕದ ಬೀದರಿನ ಎತ್ತರದ ನೆಲದಲ್ಲಿ.

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ತಲರ್ಟನ್ ಸಮೀಪದ ಒಂದು ಬಡ ಕುಟುಂಬದಲ್ಲಿ. ಹುಟ್ಟಿದ ವರ್ಷದ ವಿಷಯದಲ್ಲಿ ಚರಿತ್ರಕಾರರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. 1750ರ ದಶಕವೆಂಬುದು ಬಹುಮಂದಿಯ ಎಣಿಕೆ. ನೂರಾರು ಊರುಗಳ ಸ್ಥಾನವನ್ನು ಅಂಗುಲಗಳ ಲೆಕ್ಕದಲ್ಲಿ ನಿರ್ಧರಿಸಿದವನ ಜನ್ಮದ ವರ್ಷವೇ ಅನಿಶ್ಚಿತವಾಗಿ ಉಳಿದಿರುವುದು ವಿಧಿಯ ವಿನೋದವೆನ್ನಬೇಕು. ಊರಿನ ಶಾಲೆಯಲ್ಲಿ ಗಣಿತದಲ್ಲಿ ತೋರಿದ ಪ್ರತಿಭೆಯೇ ಅವನ ಏಕೈಕ ಬಂಡವಾಳ. 1781ರ ಸುಮಾರಿಗೆ ಸೈನ್ಯವನ್ನು ಸೇರಿ ಅಮೆರಿಕಕ್ಕೆ ಹೋದ ಅವನು ಅಲ್ಲಿನ ಸ್ವಾತಂತ್ರ್ಯ ಸಮರದ ಕೊನೆಯಲ್ಲಿ ಯಾರ್ಕ್‌ಟೌನಿನಲ್ಲಿ ಸೆರೆಯಾದನು. ಬಿಡುಗಡೆಯ ಅನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ನೆಲಸಿ, ವಲಸೆ ಬಂದವರಿಗೆ ಜಮೀನನ್ನು ಅಳೆದುಕೊಡುವ ಕಾರ್ಯದಲ್ಲಿಯೂ ಸೈನಿಕ ವಸತಿಗಳ ಮೇಲ್ವಿಚಾರಣೆಯಲ್ಲಿಯೂ ಹಲವಾರು ವರ್ಷಗಳನ್ನು ಕಳೆದನು. ಅಲ್ಲಿಯೇ ಸೂರ್ಯಗ್ರಹಣವನ್ನು ವೀಕ್ಷಿಸುತ್ತಿದ್ದಾಗ ಒಂದು ಕಣ್ಣಿಗೆ ತೀವ್ರವಾದ ಹಾನಿಯಾಯಿತು. ಮುಂದೆ ಅವನು ಸಾಧಿಸಿದುದೆಲ್ಲವನ್ನೂ ಉಳಿದ ಒಂದೇ ಕಣ್ಣಿನಿಂದ ಸಾಧಿಸಿದನೆಂಬುದನ್ನು ನಾವು ಮರೆಯಬಾರದು. ಆ ಏಕಾಂತದ ವರ್ಷಗಳಲ್ಲಿ ಗುರುವಿನ ನೆರವಿಲ್ಲದೆ ಗಣಿತ, ಖಗೋಳಗಳ ಉನ್ನತ ಗ್ರಂಥಗಳನ್ನು ಓದಿ ಅರಗಿಸಿಕೊಂಡನು.

ಅವನು ಭಾರತಕ್ಕೆ ಬಂದಾಗ ವಯಸ್ಸು ನಲವತ್ತನ್ನು ದಾಟಿತ್ತು. ಅವನಿದ್ದ 33ನೆಯ ಪದಾತಿ ದಳಕ್ಕೆ ಆರ್ಥರ್ ವೆಲ್ಲೆಸ್ಲಿ ನಾಯಕನಾಗಿದ್ದನು. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ನಡೆದ ಕೊನೆಯ ಯುದ್ಧದಲ್ಲಿ ಲ್ಯಾಂಬ್ಟನ್ನನೂ ಭಾಗವಹಿಸಿದನು. ಆ ಸಮರದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಜನರಲ್ ಬೇರ್ಡನು ಒಂದು ರಾತ್ರಿ ಶ್ರೀರಂಗಪಟ್ಟಣದ ಬಳಿ ಸೈನ್ಯವನ್ನು ಮುನ್ನಡೆಸುತ್ತಿದ್ದನು. ಕತ್ತಲೆಯಲ್ಲಿ ದಾರಿ ತಪ್ಪಿ ದಳವು ಶತ್ರುವಿನ ಪಾಳೆಯದ ಕಡೆಗೇ ಸಾಗತೊಡಗಿತು. ಆಕಾಶವನ್ನು ಗಮನಿಸುತ್ತಿದ್ದ ಲ್ಯಾಂಬ್ಟನ್ನನು ನಕ್ಷತ್ರಗಳ ಸ್ಥಾನದಿಂದ ತಾವು ತಪ್ಪು ದಿಕ್ಕಿನಲ್ಲಿ ಹೋಗುತ್ತಿರುವುದನ್ನು ಕಂಡು ಎಚ್ಚರಿಸಿದನು. ದಿಕ್ಸೂಚಿಯನ್ನು ತೆಗೆದು ನೋಡಿದಾಗ ಅವನ ಮಾತೇ ನಿಜವಾಯಿತು. ಆಕಾಶವನ್ನು ನೋಡಿ ಭೂಮಿಯ ಮೇಲಿನ ತನ್ನ ನೆಲೆಯನ್ನು ಅರಿಯುವ ವಿದ್ಯೆ ಅವನಿಗೆ ಅಷ್ಟರಮಟ್ಟಿಗೆ ಕರಗತವಾಗಿತ್ತು.

ಶ್ರೀರಂಗಪಟ್ಟಣದ ಪತನವಾದ ಬಳಿಕ ವಿಶಾಲವಾದ ಭೂಭಾಗವು ಕಂಪನಿಯ ಕೈಗೂ ಅದರ ಅಧೀನರ ಕೈಗೂ ಬಂದಿತು. ಆ ನೆಲದ ನಿಖರವಾದ ನಕಾಶೆ ಯಾರಲ್ಲಿಯೂ ಇರಲಿಲ್ಲ. ಅದೇ ವರ್ಷ ಲ್ಯಾಂಬ್ಟನ್ನನು ವೆಲ್ಲೆಸ್ಲಿಯ ಬೆಂಬಲದೊಡನೆ ಮದ್ರಾಸಿನ ಸರ್ಕಾರಕ್ಕೆ ಒಂದು ಯೋಜನೆಯನ್ನು ಸಲ್ಲಿಸಿದನು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸರಪಳಿಯನ್ನು ಹಬ್ಬಿಸಿ ನಡುವಣ ಮುಖ್ಯ ಸ್ಥಳಗಳನ್ನೆಲ್ಲ ಗಣಿತದಿಂದ ನಿರ್ಧರಿಸುವುದು, ಹಾಗೆಯೇ ಭೂಮಿಯ ಆಕಾರವನ್ನು ಅರಿಯಲು ರೇಖಾಂಶವೊಂದರ ಉದ್ದಕ್ಕೂ ಅಳತೆ ಮಾಡುವುದು ಅದರ ಉದ್ದೇಶವಾಗಿತ್ತು. ನಕಾಶೆಯು ಅಧಿಕಾರಿಗಳ ಆಸೆ, ಭೂಮಿಯ ಆಕಾರವು ಲ್ಯಾಂಬ್ಟನ್ನನ ಆಸೆ. ಒಂದರ ನೆಪದಲ್ಲಿ ಇನ್ನೊಂದನ್ನು ಸಾಧಿಸುವ ಜಾಣತನ ಅವನಲ್ಲಿತ್ತು.

ಇಲ್ಲಿ ಅವನ ವಿಧಾನವನ್ನು ಸ್ವಲ್ಪ ವಿವರಿಸುವುದು ಉಚಿತ. ತ್ರಿಕೋನದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದ ಎರಡು ಬಾಹುಗಳು ಲೆಕ್ಕದಿಂದ ದೊರೆಯುತ್ತವೆ. ಹಾಗೆ ದೊರೆತ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಆದುದರಿಂದ ನೆಲದ ಮೇಲೆ ಸರಪಣಿ ಹಿಡಿದು ಅಳೆಯಬೇಕಾದುದು ಒಂದು ರೇಖೆಯನ್ನು ಮಾತ್ರ. ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ದೃಷ್ಟಿ ಹಾಯಿಸಿ ಕೋನಗಳನ್ನು ಅಳೆಯುತ್ತ ಹೋದರೆ ನೂರಾರು ಮೈಲಿ ಸಾಗಬಹುದು. ಆದರೆ ಆ ಮೊದಲ ರೇಖೆಯಲ್ಲಿ ಒಂದು ಅಂಗುಲದ ದೋಷವಿದ್ದರೂ ಅದು ಇಡೀ ಸರಪಳಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಅದಕ್ಕಾಗಿಯೇ ಆಧಾರರೇಖೆಯೆಂದು ಕರೆಯಲ್ಪಡುವ ಈ ರೇಖೆಯ ವಿಷಯದಲ್ಲಿ ಲ್ಯಾಂಬ್ಟನ್ನನು ತೋರಿದ ನಿಷ್ಠೆ ಅಸಾಧಾರಣವಾದುದು.

ಅಂತಹ ಮೊದಲ ರೇಖೆಯನ್ನು ಅವನು ಅಳೆದುದು ನಮ್ಮ ಬೆಂಗಳೂರಿನಲ್ಲಿ. 1800ರ ಅಕ್ಟೋಬರಿನಲ್ಲಿ ಆರಂಭವಾದ ಈ ಕಾರ್ಯ ಡಿಸೆಂಬರಿನಲ್ಲಿ ಮುಗಿಯಿತು. ರೇಖೆಯ ಉದ್ದ ಸುಮಾರು ಏಳೂವರೆ ಮೈಲಿ. ಕುದುರೆ ಸವಾರನು ಒಂದು ಗಂಟೆಯಲ್ಲಿ ಕ್ರಮಿಸಬಹುದಾದ ದೂರಕ್ಕೆ ಸುಮಾರು ಎರಡು ತಿಂಗಳು ಹಿಡಿಯಿತು. 100 ಅಡಿ ಉದ್ದದ ಉಕ್ಕಿನ ಸರಪಣಿಯೇ ಅವನ ಮುಖ್ಯ ಸಾಧನ. ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದು, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದು ಸೇರಿದ್ದ ಸರಪಣಿ ಅದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆದುದರಿಂದ ಸರಪಣಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಮೇಲೆ ಡೇರೆಯ ನೆರಳು ಹಿಡಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನು ಇಟ್ಟು, ಪ್ರತಿಯೊಂದು ಅಳತೆಯಲ್ಲಿಯೂ ಉಷ್ಣತೆಯನ್ನು ಬರೆದುಕೊಂಡು ಲೆಕ್ಕವನ್ನು ತಿದ್ದುತ್ತಿದ್ದನು. ಮುಂದಿನ ಅಳತೆಗಳಲ್ಲಿ ಇನ್ನೊಂದು ಸರಪಣಿಯನ್ನು ಬಳಸದೆ ಜೋಪಾನವಾಗಿಟ್ಟು, ಬಳಸಿದ ಸರಪಣಿ ಎಷ್ಟು ಸವೆದಿದೆಯೆಂದು ಅದರೊಡನೆ ಹೋಲಿಸುತ್ತಿದ್ದನು.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದು ಮಹಾಸರ್ವೆಯ ಕಾರ್ಯವನ್ನು ಕ್ರಮವಾಗಿ ಪ್ರಾರಂಭಿಸಿದನು. ಸರಪಣಿಯನ್ನು ಸುಮಾರು 400 ಬಾರಿ ಎತ್ತಿ ಇಡಬೇಕಾಯಿತು. ಆ ರೇಖೆಯಿಂದ ಹೊರಟ ತ್ರಿಕೋನಗಳು ಬೆಂಗಳೂರನ್ನು ಮುಟ್ಟಿದಾಗ, 1804ರಲ್ಲಿ ಅಲ್ಲಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಸಿ, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸಲಾಯಿತು. ಇನ್ನೂರು ಮೈಲಿಗಳ ಗಣಿತವನ್ನು ದಾಟಿ ಬಂದ ಉತ್ತರಕ್ಕೂ ನೆಲದ ಮೇಲಿನ ಅಳತೆಗೂ ಇದ್ದ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆ. ತನ್ನ ಲೆಕ್ಕವನ್ನು ತಾನೇ ಪರೀಕ್ಷೆಗೆ ಒಡ್ಡುವ ಈ ಗುಣವೇ ಅವನನ್ನು ಸಾಮಾನ್ಯ ಭೂಮಾಪಕರಿಂದ ಬೇರ್ಪಡಿಸಿತು.

ಕಾರ್ಯವು ಮುಂದುವರಿದು ಮಂಗಳೂರಿನ ಕರಾವಳಿಯನ್ನು ತಲುಪಿದಾಗ ಒಂದು ಸೋಜಿಗ ಹೊರಬಿದ್ದಿತು. ಮದ್ರಾಸಿಗೂ ಮಂಗಳೂರಿಗೂ ನಡುವೆ ಸುಮಾರು 400 ಮೈಲಿಗಳೆಂದು ನಕಾಶೆಗಳು ಹೇಳುತ್ತಿದ್ದವು. ನಿಜವಾದ ದೂರ ಸುಮಾರು 360 ಮೈಲಿಗಳು ಮಾತ್ರ. ನಲವತ್ತು ಮೈಲಿ ಅಗಲದ ನೆಲವು ಕಾಗದದ ಮೇಲೆ ಇದ್ದು ಭೂಮಿಯ ಮೇಲೆ ಇರಲಿಲ್ಲ. ಅದಕ್ಕೆ ಮೊದಲು ಹಣಕಾಸಿನ ಅಧಿಕಾರಿಯೊಬ್ಬನು ಈ ವೆಚ್ಚವನ್ನು ಆಕ್ಷೇಪಿಸಿದ್ದನು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ದಾರಿ ಬಲ್ಲರು, ನಕಾಶೆ ಏಕೆ ಎಂಬುದು ಅವನ ವಾದ. ಪಲ್ಲಕ್ಕಿಯವರ ಜ್ಞಾನ ಸುಳ್ಳಲ್ಲ. ಅವರು ದಾರಿಯನ್ನು ಬಲ್ಲವರೇ. ಆದರೆ ದಾರಿಯನ್ನು ಬಲ್ಲುದು ಬೇರೆ, ನೆಲೆಯನ್ನು ಬಲ್ಲುದು ಬೇರೆ ಎಂಬುದನ್ನು ಆ ನಲವತ್ತು ಮೈಲಿಗಳು ತೋರಿಸಿಕೊಟ್ಟವು.

ಕಷ್ಟಗಳಿಗೆ ಕೊರತೆಯಿರಲಿಲ್ಲ. ಕೋನಗಳನ್ನು ಅಳೆಯಲು ಇಂಗ್ಲೆಂಡಿನಲ್ಲಿ ಸಿದ್ಧವಾದ ಮಹಾ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತು ಬರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ವಿಜ್ಞಾನದ ಸಾಧನವೆಂದು ತಿಳಿದ ಬಳಿಕ ಅಲ್ಲಿನ ರಾಜ್ಯಪಾಲನು ಅದನ್ನು ಗೌರವದಿಂದ ಹಿಂತಿರುಗಿಸಿದನು. ಎರಡು ರಾಷ್ಟ್ರಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲದ ಈ ಔದಾರ್ಯ ಸ್ಮರಣೀಯ. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರದ ಮೇಲೆ ಯಂತ್ರವನ್ನು ಏರಿಸುತ್ತಿದ್ದಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು, ಕೋನಗಳನ್ನು ತೋರುವ ವೃತ್ತವು ಸೊಟ್ಟಗಾಯಿತು. ಬೇರೆಯವನಾಗಿದ್ದರೆ ಕೆಲಸವನ್ನೇ ಕೈಬಿಡುತ್ತಿದ್ದನು. ಲ್ಯಾಂಬ್ಟನ್ನನು ಯಂತ್ರದೊಡನೆ ಡೇರೆಯನ್ನು ಹೊಕ್ಕು ವಾರಗಟ್ಟಲೆ ಏಕಾಗ್ರತೆಯಿಂದ ಶ್ರಮಿಸಿ, ಬಾಗಿದ ವೃತ್ತವನ್ನು ಅಂಗುಲಂಗುಲವಾಗಿ ಹಿಂದಿನ ಆಕಾರಕ್ಕೆ ತಂದನು. ಆ ಯಂತ್ರವೇ ಮುಂದೆಯೂ ಹಲವು ವರ್ಷ ಸೇವೆ ಸಲ್ಲಿಸಿತು.

ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ ಸಾಗಿದ ಅಳತೆಯು 1811ರಲ್ಲಿ ಗುತ್ತಿಯನ್ನೂ, 1815ರಲ್ಲಿ ಬೀದರನ್ನೂ ಮುಟ್ಟಿತು. ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಈಶಾನ್ಯಕ್ಕೆ ಹೋದರೆ ಸುಮಾರು 110 ಕಿಲೋಮೀಟರ್ ದೂರದಲ್ಲಿರುವ ಬೀದರು ಅಂದು ನಮ್ಮ ಊರಿನಂತೆಯೇ ನಿಜಾಮರ ಆಳ್ವಿಕೆಯಲ್ಲಿತ್ತು. ಅದರ ಸಮೀಪದಲ್ಲಿ ಅಳೆದ ಆಧಾರರೇಖೆಯೂ, ಅಕ್ಷಾಂಶವನ್ನು ನಕ್ಷತ್ರಗಳಿಂದ ನಿರ್ಧರಿಸಿದ ದಾಮರಗಿದ್ದವೆಂಬ ಠಾಣೆಯೂ ವಿಶ್ವದ ಭೂಮಾಪನ ಶಾಸ್ತ್ರದಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದವು. ದಕ್ಷಿಣದ ತುದಿಯಿಂದ ಇಲ್ಲಿಯವರೆಗೆ ಹತ್ತು ಡಿಗ್ರಿಗಳಿಗೆ ಸಮೀಪವಾದ, ಸುಮಾರು 700 ಮೈಲಿಗಳ ಚಾಪವನ್ನು ಅವನು ಪೂರೈಸಿದ್ದನು. 1841ರಲ್ಲಿ ಆಂಡ್ರ್ಯೂ ವಾ ಎಂಬ ಅಧಿಕಾರಿಯು ಇನ್ನೂ ಸೂಕ್ಷ್ಮವಾದ ಲೋಹದ ದಂಡಗಳಿಂದ ಬೀದರಿನ ರೇಖೆಯನ್ನು ಮತ್ತೊಮ್ಮೆ ಅಳೆದನು. ದಖ್ಖನಿನ ನಮ್ಮ ಭಾಗವು ಹೀಗೆ ಭೂಮಿಯ ಆಕಾರವನ್ನೇ ತೂಗುವ ತಕ್ಕಡಿಯ ಒಂದು ತಟ್ಟೆಯಾಯಿತು.

ಈ ಮಹಾಕಾರ್ಯವನ್ನು ಒಬ್ಬನೇ ಮಾಡಿದನೆಂದು ಹೇಳುವುದು ಸತ್ಯಕ್ಕೆ ಅಪಚಾರ. ಸರಪಣಿ ಎಳೆದವರು, ಯಂತ್ರ ಹೊತ್ತವರು, ಬೆಟ್ಟದ ನೆತ್ತಿಯಲ್ಲಿ ಬಾವುಟ ಹಿಡಿದು ದಿನಗಟ್ಟಲೆ ಕಾದವರು ಈ ನೆಲದ ಮಕ್ಕಳು. ಕಾಡುಜ್ವರಕ್ಕೆ ತುತ್ತಾದವರಲ್ಲಿ ಅವರೇ ಅಧಿಕ. ಅವರ ಹೆಸರುಗಳು ವರದಿಗಳಲ್ಲಿ ವಿರಳ. ಹಾಗೆಯೇ ಈ ನಕಾಶೆಗಳು ಕಂದಾಯ ವಸೂಲಿಗೂ ಸೈನ್ಯದ ಸಂಚಾರಕ್ಕೂ ಒದಗಿದವೆಂಬುದನ್ನು ಮರೆಮಾಚಬೇಕಾಗಿಲ್ಲ. ಒಂದು ನೆಲದ ನೆಲೆಯನ್ನು ಬಲ್ಲವನು ಅದರ ಮೇಲೆ ಅಧಿಕಾರವನ್ನೂ ಪಡೆಯುತ್ತಾನೆ. ವಿದ್ಯೆಯು ಶುದ್ಧವಾಗಿದ್ದರೂ ಅದರ ವಿನಿಯೋಗವು ವಿನಿಯೋಗಿಸುವವನ ಗುಣವನ್ನು ಅನುಸರಿಸುತ್ತದೆ.

1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಲ್ಯಾಂಬ್ಟನ್ನನನ್ನು ಸದಸ್ಯನನ್ನಾಗಿ ಆರಿಸಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಅವನನ್ನು ಗೌರವಿಸಿತು. 1818ರಿಂದ ಅವನ ಕಾರ್ಯಕ್ಕೆ ಭಾರತದ ಮಹಾ ತ್ರಿಕೋನಮಿತಿ ಸರ್ವೆಯೆಂಬ ಹೆಸರು ಬಂದಿತು. ಎವರೆಸ್ಟನು ಸಹಾಯಕನಾಗಿ ಸೇರಿದನು. ಹೈದರಾಬಾದು ಕೇಂದ್ರವಾಯಿತು. ಅಷ್ಟು ಹೊತ್ತಿಗೆ ಲ್ಯಾಂಬ್ಟನ್ನನ ದೇಹ ಜರ್ಜರಿತವಾಗಿತ್ತು. ಕ್ಷಯದ ಕೆಮ್ಮು ಕಾಡುತ್ತಿದ್ದರೂ ವಿಶ್ರಾಂತಿಯನ್ನು ಬಯಸಲಿಲ್ಲ. ಕೇಂದ್ರವನ್ನು ನಾಗಪುರಕ್ಕೆ ವರ್ಗಾಯಿಸಲು ಹೊರಟು, 1823ರ ಜನವರಿಯಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ದಾರಿಯ ನಡುವೆಯೇ ಕೊನೆಯುಸಿರೆಳೆದನು. ಒಂದೂವರೆ ಲಕ್ಷ ಚದರ ಮೈಲಿಗಿಂತ ಅಧಿಕವಾದ ಪ್ರದೇಶ ಅವನ ಕಾಲದಲ್ಲಿ ತ್ರಿಕೋನಗಳ ಬಲೆಯೊಳಗೆ ಬಂದಿತ್ತು. ಅವನ ಸಮಾಧಿ ಅಲ್ಲಿಯೇ ಇದೆ.

ಅವನು ತೀರಿಕೊಂಡ ಮೇಲೂ ಅವನ ತತ್ತ್ವವು ಬೆಳೆಯಿತು. ಲ್ಯಾಂಬ್ಟನ್ನನು ಬೆಳಕಿನ ದಿಕ್ಕನ್ನು ಅಳೆದನು. ಮುಂದಿನವರು ಸಂಕೇತದ ಕಾಲವನ್ನು ಅಳೆಯತೊಡಗಿದರು. 1870ರ ದಶಕದಲ್ಲಿ ಸರ್ವೆಯ ಅಧಿಕಾರಿಗಳು ಮದ್ರಾಸು, ಬೆಂಗಳೂರು, ಬಳ್ಳಾರಿ, ಮಂಗಳೂರು ಮೊದಲಾದ ಠಾಣೆಗಳ ನಡುವೆ ತಂತಿಯ ಮೂಲಕ ಸಂಕೇತಗಳನ್ನು ಕಳುಹಿಸಿ, ಎರಡು ಊರುಗಳ ನಕ್ಷತ್ರಕಾಲದ ಅಂತರದಿಂದ ರೇಖಾಂಶಗಳ ಅಂತರವನ್ನು ಕಂಡರು. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಮ್ಮ ಅಕ್ಷಾಂಶದಲ್ಲಿ ಗಡಿಯಾರದ ಒಂದು ಸೆಕೆಂಡಿನ ದೋಷವು ಸುಮಾರು 440 ಮೀಟರಿನ ದೋಷವಾಗುತ್ತದೆ.

ರೇಡಿಯೋ ತರಂಗದ ಕಾಲವನ್ನೇ ದೂರವನ್ನಾಗಿ ಮಾರ್ಪಡಿಸಿದಾಗ ಗಡಿಯಾರದ ಹೊಣೆ ಇನ್ನೂ ಹೆಚ್ಚಿತು. ಈ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ತಪ್ಪಿದರೆ 300 ಮೀಟರ್ ತಪ್ಪಿದಂತೆ. ಮೊಬೈಲ್ ಜಾಲದಲ್ಲಿ ದೂರದ ಫೋನಿನ ಸಂಕೇತವೂ ಹತ್ತಿರದ ಫೋನಿನ ಸಂಕೇತವೂ ಗೋಪುರವನ್ನು ತಮ್ಮ ತಮ್ಮ ಗೊತ್ತಾದ ಗಳಿಗೆಯಲ್ಲಿಯೇ ಮುಟ್ಟಬೇಕು. ಅದಕ್ಕಾಗಿ ದೂರದ ಫೋನು ಎಷ್ಟು ಮುಂಚಿತವಾಗಿ ಸಂಕೇತ ಬಿಡಬೇಕೆಂದು ಗೋಪುರವು ಅದಕ್ಕೆ ತಿಳಿಸುತ್ತದೆ. ಸಂಭಾಷಣೆಯ ಶಿಸ್ತಿಗಾಗಿ ಹುಟ್ಟಿದ ಈ ಸಂಖ್ಯೆಯಿಂದಲೇ ಫೋನಿನ ದೂರವೂ ತಿಳಿಯುತ್ತದೆ. ಎರಡನೆಯ ತಲೆಮಾರಿನ ಜಾಲದಲ್ಲಿ ಇದರ ಒಂದು ಮೆಟ್ಟಿಲು ಸುಮಾರು 550 ಮೀಟರ್. ನಾಲ್ಕನೆಯ ತಲೆಮಾರಿನಲ್ಲಿ ಸುಮಾರು 78 ಮೀಟರ್. ಒಂದು ಗೋಪುರದ ದೂರ ತಿಳಿದರೆ ಫೋನು ಒಂದು ವೃತ್ತದ ಮೇಲೆ ಎಲ್ಲಿಯೋ ಇದೆಯೆಂದಾಯಿತು. ಎರಡನೆಯ ವೃತ್ತವು ಮೊದಲನೆಯದನ್ನು ಎರಡು ಬಿಂದುಗಳಲ್ಲಿ ಕತ್ತರಿಸುತ್ತದೆ. ಮೂರನೆಯದು ಆ ಎರಡರಲ್ಲಿ ಒಂದನ್ನು ನಿಶ್ಚಯಿಸುತ್ತದೆ. ಐವಾನ್-ಎ-ಶಾಹಿಯಲ್ಲಿ ನಿಂತ ವಿದ್ಯಾರ್ಥಿಯ ಸುತ್ತ ನಗರದ ಮೂರು ದಿಕ್ಕಿನ ಗೋಪುರಗಳು ಲ್ಯಾಂಬ್ಟನ್ನನ ಮೂರು ಬೆಟ್ಟಗಳಂತೆಯೇ ಕಾರ್ಯ ಮಾಡುತ್ತವೆ. ಬಿಸಿಲಿನ ಝಳದಲ್ಲಿ ಬಾಗುವ ಬೆಳಕು ಅವನನ್ನು ಕಾಡಿತ್ತು. ಕಟ್ಟಡಗಳಿಗೆ ಬಡಿದು ಬಳಸಿ ಬರುವ ತರಂಗವು ದೂರವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಿ ಇಂದಿನ ತಂತ್ರಜ್ಞರನ್ನು ಕಾಡುತ್ತದೆ.

ಅವನು ಮೊದಲ ರೇಖೆಯನ್ನು ಎಳೆದ ಬೆಂಗಳೂರಿನಿಂದ ಅನತಿದೂರದ ಬ್ಯಾಲಾಳುವಿನಲ್ಲಿ 2013ರಲ್ಲಿ ಭಾರತದ ಉಪಗ್ರಹ ಪಥದರ್ಶನ ಕೇಂದ್ರವು ಪ್ರಾರಂಭವಾಯಿತು. ಅದೇ ವರ್ಷ ಜುಲೈನಲ್ಲಿ ಈ ವ್ಯವಸ್ಥೆಯ ಮೊದಲ ಉಪಗ್ರಹ ಗಗನಕ್ಕೇರಿತು. ಕೆಲವೇ ವರ್ಷಗಳಲ್ಲಿ ಅದರ ಪರಮಾಣು ಗಡಿಯಾರಗಳು ಕೆಟ್ಟುಹೋದವು. ಉಪಗ್ರಹವು ಆಕಾಶದಲ್ಲಿಯೇ ಇತ್ತು, ಆದರೆ ನೆಲೆಯನ್ನು ನಿರ್ಧರಿಸಲು ನೆರವಾಗುವ ಶಕ್ತಿಯನ್ನು ಕಳೆದುಕೊಂಡಿತು. ಎಷ್ಟು ಎತ್ತರದಲ್ಲಿದ್ದರೂ ತನ್ನ ಕಾಲವನ್ನು ತಾನು ಸರಿಯಾಗಿ ತಿಳಿಯದವನು ಇನ್ನೊಬ್ಬರಿಗೆ ಅವರ ನೆಲೆಯನ್ನು ತೋರಲಾರನು.

ಈ ವಿದ್ಯೆ ಇಂದು ಸಂಕಟದಲ್ಲಿ 112ಕ್ಕೆ ಕರೆಮಾಡಿದವನನ್ನು ಹುಡುಕಲು ಒದಗುತ್ತದೆ. ಒಬ್ಬನ ಸಂಚಾರವನ್ನು ಅವನಿಗೆ ತಿಳಿಯದಂತೆ ಹಿಂಬಾಲಿಸಲೂ ಒದಗಬಹುದು. ಆದುದರಿಂದ ಇದನ್ನು ಕಲಿಸುವವರೂ ಕಲಿಯುವವರೂ ಲೆಕ್ಕದ ಜೊತೆಗೆ ಹೊಣೆಗಾರಿಕೆಯನ್ನೂ ರೂಢಿಸಿಕೊಳ್ಳಬೇಕು. ಲ್ಯಾಂಬ್ಟನ್ನನು ಸರಪಣಿಯ ಹಿಗ್ಗು ಕುಗ್ಗುಗಳನ್ನು ಯಾರೂ ಕೇಳದಿದ್ದರೂ ಬರೆದಿಟ್ಟನು. ಅಳೆದುದನ್ನು ಮತ್ತೆ ಅಳೆದನು. ಶಾಲೆಯ ಕೆಲಸವೂ ಇದಕ್ಕಿಂತ ಭಿನ್ನವಲ್ಲ. ಬಾಲ್ಯದಲ್ಲಿ ಹಾಕುವ ಆಧಾರರೇಖೆಯು ನೇರವಾಗಿದ್ದರೆ ಮುಂದಿನ ಬದುಕಿನ ತ್ರಿಕೋನಗಳು ಎಷ್ಟು ದೂರ ಹಬ್ಬಿದರೂ ದಿಕ್ಕು ತಪ್ಪುವುದಿಲ್ಲ.